ಏಳರ ಮಗು, ಹದಿಮೂರರ ಪ್ರಶ್ನೆ

ಮಕ್ಕಳಿಗೆ 7 ವರ್ಷವಾದಾಗ ನಮಾಝ್ ಮಾಡಲು ಹೇಳಿ ಎಂದರು ಪ್ರವಾದಿ(ಸ). ನಾಲ್ಕಕ್ಕಲ್ಲ. ಸ್ವಿಸ್ ವಿದ್ವಾಂಸ ಜೀನ್ ಪಿಯಾಜೆ ಗುರುತಿಸಿದ ತಿರುವೂ ಸುಮಾರು ಅದೇ ವಯಸ್ಸಿನದು. ಅಗಲ ಲೋಟದ ಹಾಲನ್ನು ಉದ್ದ ಲೋಟಕ್ಕೆ ಸುರಿದರೆ ನಾಲ್ಕರ ಮಗು 'ಜಾಸ್ತಿಯಾಯ್ತು' ಎನ್ನುತ್ತದೆ, ಏಳೆಂಟರ ಮಗು 'ಅಷ್ಟೇ ಇದೆ' ಎನ್ನುತ್ತದೆ. ಚಿಕ್ಕದನ್ನು ಸುಳ್ಳುಗಾರ ಎಂದು ಹೊಡೆಯಬೇಡಿ, ಅದು ಕಂಡದ್ದನ್ನೇ ಹೇಳುತ್ತಿದೆ.

ಕಷ್ಟ ಇರುವುದು ಹನ್ನೆರಡರ ಆಚೆಗೆ. ಕಣ್ಣಿಗೆ ಕಾಣದ್ದನ್ನೂ ಆಗ ಮನಸ್ಸು ತೂಗತೊಡಗುತ್ತದೆ. 2001ರಲ್ಲಿ ಗಣಿ ಮುಚ್ಚಿತು. ಇಂದು ಕೆಜಿಎಫ್, ಬಂಗಾರಪೇಟೆಯ ಎಷ್ಟೋ ತಂದೆಯರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಮಗ ಕೇಳುತ್ತಾನೆ: 'ದುಆ ಮಾಡಿದರೂ ಅಜ್ಜನ ಕೆಲಸ ಯಾಕೆ ಹೋಯ್ತು?' ದಣಿದ ತಂದೆ 'ಬಾಯ್ಮುಚ್ಚು' ಎಂದರೆ ಅವನು ಉತ್ತರವನ್ನು ಮೊಬೈಲಿನಲ್ಲಿ ಹುಡುಕುತ್ತಾನೆ. ಸತ್ತವರನ್ನು ಹೇಗೆ ಎಬ್ಬಿಸುವೆ ಎಂದು ಇಬ್ರಾಹೀಮ್(ಅ) ಅಲ್ಲಾಹನನ್ನೇ ಕೇಳಿದರಲ್ಲ, ಅವರಿಗೆ ಗದರಿಕೆ ಸಿಗಲಿಲ್ಲ, ತೋರಿಸಿಕೊಡಲಾಯಿತು. ಭಾನುವಾರ ರೈಲಿನ ಅವಸರವಿಲ್ಲ. ಅಸರ್ ಮುಗಿಸಿ ಮಗನ ಜೊತೆ, ಮಗಳ ಜೊತೆಗೂ, ಒಂದಿಷ್ಟು ದೂರ ನಡೆದು ಬನ್ನಿ.