ಜನಗಣತಿಯ ಅಂಕಿಗಳೂ ನಮ್ಮ ಮನೆಗಳೂ

 

ಇಂಥ ಮಂಗಳ ಸಮಯದಲ್ಲಿ ಅಂಕಿಗಳ ಮಾತೆತ್ತುವುದು ಕೆಲವರಿಗೆ ಶುಷ್ಕವೆನಿಸಬಹುದು. ಆದರೆ ಹಿರಿಯರು ಖಾನೇಷುಮಾರಿಯೆನ್ನುತ್ತಿದ್ದ ಜನಗಣತಿಯ ಪ್ರತಿಯೊಂದು ಅಂಕಿಯ ಹಿಂದೆಯೂ ಒಂದು ಮನೆಯ ಸುಖದುಃಖವು ಅಡಗಿರುವುದರಿಂದ, ಅವುಗಳಲ್ಲಿ ಕೆಲವನ್ನು ತಮ್ಮ ಮುಂದಿಡುವೆನು.

1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು 50 ಲಕ್ಷ 55 ಸಾವಿರವಾಗಿತ್ತು. 1881ರಲ್ಲಿ ಎಣಿಸಿದಾಗ ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ನಡುವೆ 1876ರಿಂದ 1878ರವರೆಗೆ ಧಾತು-ಈಶ್ವರ ಸಂವತ್ಸರಗಳ ಘೋರ ಕ್ಷಾಮವು ಬಂದಿತ್ತು. ಆರು ಜನರಿದ್ದೆಡೆಯಲ್ಲಿ ಐವರು ಮಾತ್ರ ಕಂಡುಬಂದರು. ಹುಟ್ಟಿದ ಕೂಸು ಉಳಿದೀತೆಂಬ ನೆಚ್ಚಿಕೆಯಿಲ್ಲದ ಅಂಥ ಕಾಲದಲ್ಲಿ ತಾಯಿಯು ಅನೇಕ ಮಕ್ಕಳನ್ನು ಹೆತ್ತಳೆಂದರೆ ಅದನ್ನು ಅವಿವೇಕವೆನ್ನಲಾದೀತೆ?

ಕಾಲವು ಬದಲಾಯಿತು. 1930ರಲ್ಲಿಯೇ ಮೈಸೂರು ಸರ್ಕಾರವು ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆಯಿತ್ತಿತು. ಸಿಡುಬು ಅಳಿಯಿತು, ಹಸುಳೆಗಳ ಮರಣ ತಗ್ಗಿತು, ಹೆಣ್ಣುಮಕ್ಕಳು ಶಾಲೆಗೆ ಹೋದರು, ಮದುವೆಯ ವಯಸ್ಸೂ ಏರಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಂತೆ, ಕರ್ಣಾಟಕದಲ್ಲಿ ಒಬ್ಬ ತಾಯಿಗೆ ಆಗುವ ಮಕ್ಕಳ ಸರಾಸರಿಯು 1992-93ರಲ್ಲಿ 2.85 ಇದ್ದುದು 2005-06ರಲ್ಲಿ 2.1ಕ್ಕೂ, 2019-20ರಲ್ಲಿ 1.7ಕ್ಕೂ ಇಳಿಯಿತು. ತಂದೆತಾಯಿಗಳ ಸ್ಥಾನವನ್ನು ಮುಂದಿನ ಪೀಳಿಗೆಯು ತುಂಬಬೇಕಾದರೆ ಸುಮಾರು 2.1 ಬೇಕು.

ಹಾಗಿದ್ದರೂ 2001ರಲ್ಲಿ 5 ಕೋಟಿ 28 ಲಕ್ಷವಿದ್ದ ನಾಡಿನ ಜನ 2011ರಲ್ಲಿ 6 ಕೋಟಿ 11 ಲಕ್ಷವಾದುದೆಂತು? ಹಿಂದಿನ ತುಂಬುಮನೆಗಳಲ್ಲಿ ಹುಟ್ಟಿದವರು ಈಗ ತಾವೇ ತಾಯ್ತಂದೆಗಳು. ಅವರ ಸಂಖ್ಯೆಯು ದೊಡ್ಡದಾದುದರಿಂದ, ಮನೆಗೆ ಒಂದೆರಡೇ ತೊಟ್ಟಿಲಾದರೂ ಒಟ್ಟು ಲೆಕ್ಕ ಏರುವುದು. ಆಯುಸ್ಸೂ ಹೆಚ್ಚಿದೆ. ಮಳೆ ನಿಂತ ಮೇಲೆಯೂ ಹಳ್ಳವು ಕೆಲಕಾಲ ತುಂಬಿ ಹರಿಯುವುದಿಲ್ಲವೆ? ಹರಿಯುವ ಹಳ್ಳವನ್ನು ನೋಡಿ ಮಳೆ ಇನ್ನೂ ಬೀಳುತ್ತಿದೆಯೆಂದು ಭ್ರಮಿಸಬಾರದು.

ಇನ್ನೆರಡು ಅಂಕಿಗಳು ನಮ್ಮ ಮನಸ್ಸನ್ನು ಕಲಕಬೇಕು. ಆರು ವರ್ಷದವರೆಗಿನ ಗಂಡುಮಕ್ಕಳು ಸಾವಿರವಿರುವಲ್ಲಿ ಹೆಣ್ಣುಮಕ್ಕಳು 1991ರಲ್ಲಿ 960, 2011ರಲ್ಲಿ 948. ಮಕ್ಕಳು ಕಡಮೆಯಿರಲೆಂದ ಮನೆಯು ಹೆಣ್ಣೇ ಬೇಡವೆಂದರೆ ಅದು ವಿವೇಕವಲ್ಲ, ಪಾತಕ. ಎರಡನೆಯದು, 2011ರಲ್ಲಿಯೇ ಅರುವತ್ತು ಮೀರಿದವರು ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚಾಗಿದ್ದರು. ಐದಾರು ಮಕ್ಕಳು ಹಂಚಿಕೊಳ್ಳುತ್ತಿದ್ದ ಹಿರಿಯರ ಸೇವೆಯು ಇನ್ನು ಒಬ್ಬಿಬ್ಬರ ಹೆಗಲಿಗೇ ಬೀಳುವುದು. ಆ ಒಬ್ಬರೂ ದೂರದ ಊರಿನಲ್ಲಿದ್ದರೆ ಮನೆಯಲ್ಲಿ ವೃದ್ಧರು ಒಂಟಿಯಾಗುವರು.

ಅಂದು ಹಸಿದ ಕೂಸನ್ನು ಉಳಿಸುವುದು ಸಮಾಜದ ಕರ್ತವ್ಯವಾಗಿತ್ತು. ಇಂದು ಅದರೊಡನೆ ಹುಟ್ಟುವ ಹೆಣ್ಣುಕೂಸನ್ನು ಆದರಿಸುವುದೂ, ಒಂಟಿಯಾದ ಮುಪ್ಪಿಗೆ ಊರೇ ಮಕ್ಕಳಾಗಿ ನಿಲ್ಲುವುದೂ ನಮ್ಮ ಪಾಲಿಗೆ ಬಂದಿವೆ. ಸದ್ಭಕ್ತರು ಇದನ್ನು ಮನಗಾಣಬೇಕೆಂದು ಅರಿಕೆಮಾಡಿ ವಿರಮಿಸುವೆನು.