ಬೆಣ್ಣೆ ದೋಸೆ, ಮಿಲ್ಲಿನ ಪಾಳಿ ಮತ್ತು ನಮ್ಮ ಎದೆ



ಬೆಳಿಗ್ಗೆ ಎಂಟರ ಹೊತ್ತಿಗೆ ದಾವಣಗೆರೆಯ ಯಾವುದಾದರೂ ದೋಸೆ ಹೋಟೆಲಿಗೆ ಹೋಗಿ ನೋಡಿ. ಸೌದೆ ಒಲೆ, ಅದರ ಮೇಲೆ ಅಗಲವಾದ ಕಾವಲಿ. ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟನ್ನು ಸಾಲಾಗಿ ಹುಯ್ಯುತ್ತಾರೆ. ಪ್ರತಿ ದೋಸೆಯ ಮೇಲೂ ಬೆಣ್ಣೆ ಬೀಳುತ್ತದೆ, ಕರಗುತ್ತದೆ, ಅಂಚು ಕೆಂಪಗಾಗುತ್ತದೆ. ಪಕ್ಕಕ್ಕೆ ಆಲೂಗಡ್ಡೆ ಪಲ್ಯ, ಬಿಳಿ ಕಾಯಿಚಟ್ನಿ. ಒಂದಕ್ಕೇ ಕೈ ತೊಳೆದು ಎದ್ದವರು ಕಡಿಮೆ.

ಹೃದಯದ ಬಗ್ಗೆ ಮಾತಾಡಲು ಬಂದವನು ಈ ದೋಸೆಯ ಮೇಲೆ ದೂರು ಹೇಳುತ್ತಾನೆ ಎಂದುಕೊಳ್ಳಬೇಡಿ. ನನಗೆ ಬೇಕಾಗಿರುವುದು ಅದರ ಚರಿತ್ರೆ.

ಊರಿನವರು ಹೇಳುವ ಪ್ರಕಾರ, 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ಇಲ್ಲಿ ನಾಟಕದ ಥಿಯೇಟರಿನ ಹತ್ತಿರ ಸಣ್ಣ ಅಂಗಡಿ ಇಟ್ಟರು. ಆಗ ಅವರು ಹಾಕುತ್ತಿದ್ದುದು ರಾಗಿ ದೋಸೆ. ಹತ್ತು ವರ್ಷದ ಮೇಲೆ ಮಕ್ಕಳ ಕಾಲಕ್ಕೆ ಅದು ಅಕ್ಕಿ ದೋಸೆಯಾಯಿತು, ಮೇಲೆ ಬೆಣ್ಣೆ ಬಂತು. ಅದೇ 1930ರ ದಶಕದಲ್ಲಿ ದಾವಣಗೆರೆಗೆ ಹತ್ತಿ ಗಿರಣಿಗಳೂ ಬಂದವು. ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ, ತುಂಗಭದ್ರೆಯ ದಡದಲ್ಲಿ ಲೇತ್ ಯಂತ್ರಗಳು ತಯಾರಾದವು.

ಆ ಕಾಲದ ಕಾರ್ಮಿಕನ ದಿನವನ್ನು ನೆನೆಸಿಕೊಳ್ಳಿ. ನಡೆದೋ ಸೈಕಲ್ ತುಳಿದೋ ಪಾಳಿಗೆ ಬಂದವನು ಅದು ಮುಗಿಯುವವರೆಗೂ ನಿಂತೇ ಇರುತ್ತಿದ್ದ. ಹತ್ತಿ ಅಂಡಿಗೆ ಹೊರುವ ಹಮಾಲಿ, ನೂಲಿನ ಯಂತ್ರದ ಸಾಲಿನುದ್ದಕ್ಕೂ ಓಡಾಡುವ ಹುಡುಗ, ಕಬ್ಬಿಣ ಎತ್ತಿಡುವ ಫಿಟ್ಟರ್, ಇವರು ಬೆಳಿಗ್ಗೆ ತಿಂದ ಬೆಣ್ಣೆ ಮಧ್ಯಾಹ್ನಕ್ಕೆ ಬೆವರಾಗಿ ಇಳಿದುಹೋಗುತ್ತಿತ್ತು. ಕುಳಿತು ತಿನ್ನುವವರಿಗೆಂದು ಹುಟ್ಟಿದ ತಿಂಡಿಯಲ್ಲ ಅದು.

ಹೃದಯರೋಗಕ್ಕೂ ದಿನಚರಿಗೂ ನಂಟಿದೆ ಎಂದು ಜಗತ್ತು ಲೆಕ್ಕ ಹಾಕಿ ಕಂಡುಕೊಂಡಿದ್ದು ಅದರ ನಂತರವೇ. ಅದುವರೆಗೆ ಎದೆನೋವೆಂದರೆ ವಯಸ್ಸಿನ ದೋಷ, ಇಲ್ಲವೇ ಹಣೆಬರಹ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಂ ಎಂಬ ಪಟ್ಟಣದಲ್ಲಿ 5,209 ಮಂದಿಯನ್ನು ಆರಿಸಿ, ವರ್ಷಗಟ್ಟಲೆ ಅವರ ರಕ್ತದೊತ್ತಡ, ಕೊಲೆಸ್ಟರಾಲ್, ಸಿಗರೇಟಿನ ಚಟ ಎಲ್ಲವನ್ನೂ ಬರೆದಿಡುತ್ತಾ ಹೋದರು. ಯಾರಿಗೆ ರೋಗ ಬರುವ ಸಂಭವ ಹೆಚ್ಚು ಎಂದು ಮುಂಚೆಯೇ ಹೇಳಬಹುದು ಎಂಬುದು ಹೊರಬಿತ್ತು. 'ಅಪಾಯದ ಅಂಶ' ಎಂಬ ಮಾತು ವೈದ್ಯರ ಬಾಯಿಗೆ ಬಂದಿದ್ದು 1961ರ ಅವರ ಲೇಖನದಿಂದ.

ನಮ್ಮೂರಿಗೆ ಇನ್ನೂ ಹತ್ತಿರದ್ದು ಲಂಡನ್ ಬಸ್ಸಿನ ಕತೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿದ. ಇಬ್ಬರದೂ ಒಂದೇ ಬಸ್ಸು. ಆದರೆ ದಿನವಿಡೀ ಕುಳಿತಿರುತ್ತಿದ್ದ ಡ್ರೈವರ್‌ಗಳಿಗೆ ಹೃದಯರೋಗ ಹೆಚ್ಚು, ಟಿಕೆಟ್ ಕೊಡುತ್ತಾ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರ್‌ಗಳಿಗೆ ಕಡಿಮೆ. ನಮ್ಮ ಹಳೆಯ ಮಿಲ್ ಕಾರ್ಮಿಕನೂ ಒಂದು ರೀತಿಯಲ್ಲಿ ಕಂಡಕ್ಟರೇ. ಅವನ ಮಕ್ಕಳು, ಮೊಮ್ಮಕ್ಕಳು ಡ್ರೈವರ್ ಸೀಟಿಗೆ ಬಂದರು.

ಬಂದಿದ್ದು ಹೇಗೆ? ಭದ್ರಾ ನಾಲೆಯ ನೀರು ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ತಟ್ಟೆಯಲ್ಲಿ ರೊಟ್ಟಿಯ ಜಾಗಕ್ಕೆ ಬಿಳಿ ಅನ್ನ ಬಂತು. ಗಿರಣಿಗಳು ಒಂದೊಂದಾಗಿ ನಿಂತವು, ಹರಿಹರದ ಕಿರ್ಲೋಸ್ಕರ್ ಕೂಡ ಮುಚ್ಚಿತು. ಊರು ಶಾಲೆ-ಕಾಲೇಜುಗಳ, ಅಂಗಡಿಗಳ, ಆಫೀಸುಗಳ ಊರಾಯಿತು. 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಿಂದ ವರ್ಷವರ್ಷವೂ ವೈದ್ಯರು ಹೊರಬಂದರು. ಸೈಕಲ್ ಹೋಗಿ ಸ್ಕೂಟರ್ ಬಂತು. ಹಾಲು ತರಲು ಮುಂದಿನ ಓಣಿಗೂ ಗಾಡಿ ಕಿಕ್ ಹೊಡೆಯುತ್ತೇವೆ. ಕೆಲಸ ಹಗುರಾಯಿತು, ತಿಂಡಿ ಮಾತ್ರ ಗಿರಣಿಯ ಕಾಲದ್ದೇ ಉಳಿಯಿತು.

ಸಂಜೆಯ ಮಂಡಕ್ಕಿ-ಮಿರ್ಚಿಯನ್ನೇ ನೋಡಿ. ಮಂಡಕ್ಕಿ ಹಗುರ, ಏನೂ ಆಗುವುದಿಲ್ಲ ಎನ್ನುತ್ತೇವೆ. ಭಟ್ಟಿಯಲ್ಲಿ ಅಕ್ಕಿಗೆ ಮೊದಲು ಉಪ್ಪುನೀರು ಹಿಡಿಸುತ್ತಾರೆ, ಆಮೇಲೆ ಕಾದ ಮರಳಿನಲ್ಲಿ ಅರಳಿಸುತ್ತಾರೆ. ಮೇಲೆ ಒಗ್ಗರಣೆಯ ಉಪ್ಪು ಬೇರೆ, ಮಿರ್ಚಿಯ ಹಿಟ್ಟಿನ ಉಪ್ಪು ಬೇರೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಸಾರು ಸೇರಿದರೆ ಅದು ಸಂಜೆಗೆ ಮುಂಚೆಯೇ ದಾಟಿರುತ್ತದೆ. ರಕ್ತದೊತ್ತಡ ಏರುವುದಕ್ಕೆ ಇದೂ ಒಂದು ದಾರಿ.

ಕಾರಣ ಉಪ್ಪೊಂದೇ ಅಲ್ಲ. 2004ರಲ್ಲಿ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನ ಹೊರಬಂತು. ಅದರ ಮುಂದಾಳು ಸಲೀಂ ಯೂಸುಫ್. ಹುಟ್ಟಿದ್ದು ಕೇರಳದಲ್ಲಿ, ವೈದ್ಯಕೀಯ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. 52 ದೇಶಗಳ ಲೆಕ್ಕ ಹಾಕಿ ಅವರು ಹೇಳಿದ್ದು ಇಷ್ಟು: ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ಸುಮಾರು 90 ಪಾಲು ಒಂಬತ್ತೇ ಅಂಶಗಳಿಂದ. ತಂಬಾಕು, ರಕ್ತದ ಕೊಬ್ಬು, ಬಿ.ಪಿ., ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿಯ ಕೊರತೆ, ಮದ್ಯಪಾನದ ರೀತಿ, ಮೈ ಅಲುಗಿಸದ ಬದುಕು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ರ ವಯಸ್ಸಿಗೇ ಬರುತ್ತದೆ, ಉಳಿದವರಿಗೆ 59ಕ್ಕೆ ಎಂಬುದೂ ಅದೇ ಅಧ್ಯಯನದಿಂದ ತಿಳಿಯಿತು. ಆ ಆರು ವರ್ಷ ಎಂದರೆ ಮಗಳ ಮದುವೆ, ಮನೆಯ ಸಾಲ, ಮಗನ ಓದು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ಹೋದಾಗ ಇಡೀ ನಾಡು ಎದೆ ಮುಟ್ಟಿ ನೋಡಿಕೊಂಡಿತು. ಜಿಮ್ಮಿಗೆ ಹೋಗುವವರಿಗೇ ಹೀಗಾದರೆ ನಡೆದೇನು ಪ್ರಯೋಜನ ಎಂದವರೂ ಇದ್ದರು. ಒಂದು ಸಾವಿನಿಂದ ಅರ್ಧ ಶತಮಾನದ ಲೆಕ್ಕ ಸುಳ್ಳಾಗುವುದಿಲ್ಲ. ನಡಿಗೆ ಅಪಾಯವನ್ನು ಇಳಿಸುತ್ತದೆ, ಅಳಿಸುವುದಿಲ್ಲ. ಅದಕ್ಕೇ ತಪಾಸಣೆಯೂ ಬೇಕು. ಮುಂದೆ ಪುನೀತ್ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು: ಸರ್ಕಾರಿ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ.

ಹಾಗಾದರೆ ಬೆಣ್ಣೆ ದೋಸೆ ಬಿಡಬೇಕೇ? ಬಿಡಿ ಎಂದರೆ ದಾವಣಗೆರೆಯಲ್ಲಿ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ದಿನದ ತಿಂಡಿಯನ್ನು ವಾರದ್ದು ಮಾಡಿಕೊಳ್ಳಿ, ಮೂರರ ಜಾಗದಲ್ಲಿ ಒಂದು ಸಾಕು. ಕಾಯಿಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಕರಿದ ಮಿರ್ಚಿಯಿಂದ ದೂರವಿರಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಕುಂದವಾಡ ಕೆರೆಯ ಏರಿ ಇದೆ, ಹರಿಹರದವರಿಗೆ ಹೊಳೆದಂಡೆ ಇದೆ. ಬೀಡಿ, ಸಿಗರೇಟು, ಗುಟ್ಕಾ ಮಾತ್ರ ಪೂರ್ತಿ ಬಿಡಲೇಬೇಕು. ಸಿಗರೇಟು ಬಿಟ್ಟ ಒಂದು ವರ್ಷಕ್ಕೆ ಅದರಿಂದ ಬಂದಿದ್ದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇದೆಲ್ಲ ಆಗದ ಮಾತೆನ್ನುವವರಿಗೆ ಚೆನ್ನಮ್ಮನ ಅಂಗಡಿಯನ್ನು ನೆನಪಿಸುತ್ತೇನೆ. ರಾಗಿಯಿಂದ ಅಕ್ಕಿಗೆ, ಜೋಳದಿಂದ ಅನ್ನಕ್ಕೆ, ಸೈಕಲ್ಲಿನಿಂದ ಸ್ಕೂಟರಿಗೆ ನಾವು ಬದಲಾಗಿದ್ದು ನೂರು ವರ್ಷದೊಳಗೇ. ಅರ್ಧ ದಾರಿ ಹಿಂದಕ್ಕೆ ನಡೆಯುವುದು ಅಷ್ಟು ಕಷ್ಟವಲ್ಲ.

ಮೂವತ್ತು ದಾಟಿದವರು ಈ ವಾರವೇ ಬಿ.ಪಿ., ಶುಗರ್ ನೋಡಿಸಿಕೊಳ್ಳಿ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಇಳಿದರೆ 'ಗ್ಯಾಸ್ ಇರಬೇಕು' ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ತಕ್ಷಣ ಹೋಗಿ.