ಬೇಟೆಗಾರನ ಕೈಯಲ್ಲಿ ನಕ್ಷೆ

(ಹುಮನಾಬಾದ್ ಸಮೀಪದ ಮಾಣಿಕನಗರದಲ್ಲಿ ವಿದ್ಯಾರ್ಥಿಗಳು ಹಾಗೂ ಸುತ್ತಲಿನ ಗ್ರಾಮಸ್ಥರ ಮುಂದೆ ಮಾಡಿದ ಭಾಷಣದ ಬರಹರೂಪ)



ಮಲೆನಾಡಿನಿಂದ ಬಂದಿರುವ ಗೆಳೆಯರಿಗೆ ನಮ್ಮ ಈ ನಾಡು ಬರಿದಾಗಿ ಕಂಡಿರಬಹುದು. ಇಲ್ಲಿ ಮುಗಿಲಿಗೆ ಮುಖ ಮಾಡಿದ ಮರಗಳ ಸಾಲಿಲ್ಲ, ವರ್ಷವಿಡೀ ಹರಿಯುವ ಹಳ್ಳಗಳಿಲ್ಲ. ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ, ಅದರ ಇಳಿಜಾರಿನಲ್ಲಿ ಕುರುಚಲು ಕಾಡು, ಕೆಳಗೆ ಕರಿಮಣ್ಣಿನ ತೊಗರಿ, ಸೋಯಾ ಹೊಲಗಳು. ಆದರೆ ಇದೇ ಬೀದರ ಜಿಲ್ಲೆಯ ಬಯಲಿನಲ್ಲಿ ಕೃಷ್ಣಮೃಗಗಳು ಇಂದಿಗೂ ಮೇಯುತ್ತವೆ. ದಕ್ಷಿಣಕ್ಕೆ ಹೋದರೆ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಒಣ ಕಾಡಿದೆ. ಬರಿದಾಗಿ ಕಾಣುವ ನೆಲದಲ್ಲಿ ಬದುಕು ಅಡಗಿರುತ್ತದೆ; ಅಡಗಿರುವುದರಿಂದಲೇ ಉಳಿದಿರುತ್ತದೆ. ನನ್ನ ಇಂದಿನ ಮಾತು ಈ ಅಡಗುವಿಕೆಯ ಬಗ್ಗೆ.

ಬೇಟೆ ಈ ನೆಲಕ್ಕೆ ಹೊಸತಲ್ಲ. ಇಲ್ಲಿಂದ ಸ್ವಲ್ಪ ದೂರದ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, 12ನೆಯ ಶತಮಾನದಲ್ಲಿ, ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಅರಸರ ವಿನೋದಗಳ ನಡುವೆ ಮೃಗಯೆಗೂ, ಮೀನು ಹಿಡಿಯುವುದಕ್ಕೂ, ಗಿಡುಗದ ಬೇಟೆಗೂ ಬೇರೆ ಬೇರೆ ಭಾಗಗಳಿವೆ. ಆದರೆ ಅರಸನೇ ಆಗಲಿ, ಮೃಗವಿರುವ ತಾಣವನ್ನು ತಾನಾಗಿ ಅರಿಯಲಾರ. ಅದನ್ನು ಅರಿತವನು ಆ ಊರಿನ ಕುರಿಗಾಹಿ, ದನಗಾಹಿ, ಕಟ್ಟಿಗೆಯವನು. ಕಳೆದ ಶತಮಾನದ ಶಿಕಾರಿಯವರೆಗೂ ಇದೇ ಕ್ರಮವಿತ್ತು. ಹೊರಗಿನಿಂದ ಬಂದೂಕು ಹಿಡಿದು ಬಂದವನು ಊರಿಗೆ ಬರಬೇಕು, ನೀರು ಕೇಳಬೇಕು, ಹಾದಿ ಬಲ್ಲವನೊಬ್ಬನನ್ನು ಜೊತೆಗೆ ಕರೆದೊಯ್ಯಬೇಕು. ಊರು ಬೇಡವೆಂದರೆ ಅವನು ಬಯಲಿನಲ್ಲಿ ಸುತ್ತಿ ಸುತ್ತಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದ. ಊರಿನವರೆಲ್ಲ ಸಾಧುಗಳಾಗಿದ್ದರೆಂದು ನಾನು ಹೇಳುತ್ತಿಲ್ಲ; ಪಾಲಿನ ಆಸೆಗೆ ಹಾದಿ ತೋರಿದವರೂ ಇದ್ದರು. ಆದರೂ ತೋರಿಸಬೇಕೋ ಬೇಡವೋ ಎಂಬ ತೀರ್ಮಾನ ಊರಿನ ಕೈಯಲ್ಲಿತ್ತು.

ಆ ತೀರ್ಮಾನ ಈಗ ನಮ್ಮ ಕೈಯಿಂದ ಜಾರಿದೆ. ಅದು ಹೇಗೆ ಜಾರಿತು ಎಂಬುದನ್ನು ತಿಳಿಯಲು ಜಿಪಿಎಸ್ ಎಂಬ ವ್ಯವಸ್ಥೆಯನ್ನು ಸ್ವಲ್ಪ ಅರಿಯಬೇಕು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ 30ರಷ್ಟು ಉಪಗ್ರಹಗಳು ಸುತ್ತುತ್ತಿವೆ. ಪ್ರತಿಯೊಂದೂ ‘ನಾನು ಇಲ್ಲಿದ್ದೇನೆ, ಈಗ ಇಷ್ಟು ಹೊತ್ತು’ ಎಂದು ಎಡೆಬಿಡದೆ ಸಾರುತ್ತಿರುತ್ತದೆ. ಕೈಯಲ್ಲಿರುವ ಮೊಬೈಲು ಕನಿಷ್ಠ 4 ಉಪಗ್ರಹಗಳ ಸಂಕೇತ ಬಂದು ತಲುಪಲು ಹಿಡಿದ ಸಮಯವನ್ನು ಲೆಕ್ಕ ಹಾಕಿ ತಾನು ಎಲ್ಲಿದ್ದೇನೆಂದು ಕಂಡುಕೊಳ್ಳುತ್ತದೆ. ಕ್ಷಣದ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 300 ಮೀಟರ್ ತಪ್ಪುತ್ತದೆ. ಅಷ್ಟು ಸೂಕ್ಷ್ಮವಾದ ಲೆಕ್ಕವದು. ಸಾರ್ವಜನಿಕರಿಗೆ ಸಿಗುವ ಸಂಕೇತವನ್ನು ಅಮೆರಿಕವು ಮೊದಲು ಬೇಕೆಂದೇ ಮಸುಕು ಮಾಡಿತ್ತು. 2000ದ ಮೇ ತಿಂಗಳಿನಲ್ಲಿ ಆ ಮಸುಕನ್ನು ತೆಗೆದುಹಾಕಲಾಯಿತು. ಇಂದು ತೆರೆದ ಆಕಾಶದ ಕೆಳಗೆ ಸಾಮಾನ್ಯ ಮೊಬೈಲು ಕೂಡ ಸುಮಾರು 5 ಮೀಟರ್ ಅಂತರದೊಳಗೆ ಜಾಗವನ್ನು ಹೇಳಬಲ್ಲದು. ದಟ್ಟ ಮರಗಳ ಅಡಿಯಲ್ಲಿ, ಕಡಿದಾದ ಕಣಿವೆಯಲ್ಲಿ ತಪ್ಪು ಹೆಚ್ಚುತ್ತದೆ. ಮಲೆನಾಡಿನ ಗೆಳೆಯರಿಗೆ ಅಷ್ಟಾದರೂ ರಕ್ಷಣೆಯಿದೆ. ನಮ್ಮ ಬಯಲಿಗೆ ಅದೂ ಇಲ್ಲ.

ನಮ್ಮ ಹಳ್ಳಿಗಳಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಟವರ್ ಇಲ್ಲದ ಕಡೆ ಮೊಬೈಲಿನ ಆಟ ನಡೆಯದು ಎಂದು ಭಾವಿಸುತ್ತೇವೆ. ಜಿಪಿಎಸ್‌ಗೆ ಟವರ್ ಬೇಡ. ಅಲ್ಲಿ ಮೊಬೈಲು ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೆ. ಮನೆಯಲ್ಲಿ ಕುಳಿತು ನಕ್ಷೆಯನ್ನು ಇಳಿಸಿಕೊಂಡವನು ನೆಟ್‌ವರ್ಕ್ ಇಲ್ಲದ ಕುರುಚಲಿನಲ್ಲಿ ಅಮಾವಾಸ್ಯೆಯ ರಾತ್ರಿಯೂ ಹಳ್ಳದ ತಿರುವನ್ನು, ನೀರಿನ ಹೊಂಡವನ್ನು, ಮರಳಿ ವಾಹನದವರೆಗಿನ ಹಾದಿಯನ್ನು ಕಾಣಬಲ್ಲ. ಟ್ಯಾಬ್ಲೆಟ್ಟಿನ ಅಗಲ ಪರದೆಯಲ್ಲಿ ಉಪಗ್ರಹಚಿತ್ರವನ್ನು ಹಿಗ್ಗಿಸಿ ನೋಡಿದರೆ ಬೇಸಿಗೆಯಲ್ಲಿ ನೀರು ಉಳಿಯುವ ಗುಂಡಿ ಯಾವುದೆಂದು ಊರಿಗೆ ಕಾಲಿಡದೆಯೇ ತಿಳಿಯುತ್ತದೆ. ಬೇಸಿಗೆಯಲ್ಲಿ ನೀರು ಇರುವಲ್ಲಿಗೆ ಯಾರು ಬರುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಬೇಟೆಗಾರರಿಗಾಗಿಯೇ ಇಂತಹ ನಕ್ಷೆಗಳನ್ನು ಮಾರುತ್ತಾರೆ. 2009ರಲ್ಲಿ ಮೊಂಟಾನಾ ರಾಜ್ಯದಲ್ಲಿ ಆರಂಭವಾದ ಆನ್‌ಎಕ್ಸ್ ಎಂಬ ಕಂಪನಿಯ ನಕ್ಷೆ ಅಲ್ಲಿ ಹೆಸರುವಾಸಿ. ಅಲ್ಲಿ ಬೇಟೆಗೆ ಪರವಾನಗಿ ಉಂಟು, ಋತು ಉಂಟು, ಮಿತಿ ಉಂಟು. ನಕ್ಷೆಯ ಮುಖ್ಯ ಕೆಲಸವೆಂದರೆ ಇದು ಯಾರ ಜಮೀನು, ಸರ್ಕಾರದ ಭೂಮಿ ಎಲ್ಲಿ ಮುಗಿಯುತ್ತದೆ ಎಂದು ತೋರಿಸುವುದು. ಅಂದರೆ ಅಲ್ಲಿ ನಕ್ಷೆಯು ಬೇಟೆಗಾರನಿಗೆ ಗೆರೆ ಹಾಕುತ್ತದೆ. ನಮ್ಮಲ್ಲಿಗೆ ನಕ್ಷೆ ಬಂದಿತು, ಗೆರೆ ಬರಲಿಲ್ಲ. ನಮ್ಮ ಗೆರೆ ಬೇರೆಯದು: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಅದರ ಪ್ರಕಾರ ಕೊಲ್ಲುವುದು ಮಾತ್ರ ಬೇಟೆಯಲ್ಲ. ಉರುಳು ಹಾಕುವುದು, ಬಲೆಯೊಡ್ಡುವುದು, ಅಟ್ಟಿಸುವುದು, ಆಮಿಷವೊಡ್ಡುವುದು, ಇವುಗಳಿಗೆ ಯತ್ನಿಸುವುದು ಕೂಡ ಬೇಟೆಯೇ. ಕೃಷ್ಣಮೃಗ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಬೇಟೆಯಾಡಿದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸವಿದೆ. ಹಾದಿ ಹುಡುಕಿಕೊಟ್ಟ ಮೊಬೈಲೇ ಸಿಕ್ಕಿಬಿದ್ದಾಗ ನಡೆದ ಹಾದಿಯನ್ನೂ ಹೇಳಿಬಿಡುತ್ತದೆ ಎಂಬುದು ಬೇರೆ ಮಾತು. ಆದರೆ ಅಷ್ಟರಲ್ಲಿ ಪ್ರಾಣಿ ಸತ್ತಿರುತ್ತದೆ.

ಮಾಹಿತಿಯೇ ಬೇಟೆಯ ಆಯುಧವಾಗಬಲ್ಲದೆಂಬ ಭಯ ಕಲ್ಪನೆಯಲ್ಲ. 2009ರ ಹೊತ್ತಿಗೆ ಒಂದು ಹುಲಿಯೂ ಉಳಿಯದೆ, ಬಳಿಕ ಬೇರೆಡೆಯಿಂದ ಹುಲಿಗಳನ್ನು ತಂದು ಬಿಟ್ಟ ಮಧ್ಯಪ್ರದೇಶದ ಪನ್ನಾದಲ್ಲಿ, ಒಂದು ಹುಲಿಗೆ ಜಿಪಿಎಸ್ ಕೊರಳಪಟ್ಟಿ ತೊಡಿಸಲಾಗಿತ್ತು. 2013ರ ಜುಲೈಯಲ್ಲಿ ಅದರ ಮಾಹಿತಿ ಬರುತ್ತಿದ್ದ ಇ-ಮೇಲ್ ಖಾತೆಯನ್ನು ಪುಣೆಯಿಂದ ಯಾರೋ ತೆರೆಯಲು ಯತ್ನಿಸಿದರು. ಸರ್ವರ್ ಅದನ್ನು ತಡೆಯಿತು. ಯತ್ನಿಸಿದವನು ಬೇಟೆಗಾರನೇ ಎಂದು ಖಚಿತವಾಗಿ ಹೇಳುವಂತಿಲ್ಲ. ಆದರೆ ಸಂಶೋಧಕರ ನಿದ್ದೆ ಕೆಡಲು ಅಷ್ಟು ಸಾಕಾಗಿತ್ತು.

ನನ್ನ ನಿದ್ದೆ ಕೆಡಿಸಿದ್ದು ಇದಕ್ಕಿಂತ ಸಣ್ಣ ಘಟನೆ. ಕೆಲವು ವರ್ಷಗಳ ಹಿಂದೆ ಒಂದು ಕೆರೆಯಂಗಳದಲ್ಲಿ ಕೃಷ್ಣಮೃಗದ ಹಿಂಡನ್ನು ಕಂಡೆ. ನಡುವೆ ಸುರುಳಿಗೊಂಬಿನ ಗಂಡು, ಸುತ್ತ ಮರಿಗಳು. ಹಿಗ್ಗಿನಲ್ಲಿ ಚಿತ್ರ ತೆಗೆದು, ಜಾಗದ ಗುರುತಿನೊಂದಿಗೆ ಗೆಳೆಯರ ಗುಂಪಿಗೆ ಕಳುಹಿಸಿದೆ. ಅವರು ಯಾರಿಗೆ ಕಳುಹಿಸಿದರೋ ತಿಳಿಯದು. ಎರಡು ವಾರದ ನಂತರ ಅಲ್ಲಿ ಕುರಿ ಮೇಯಿಸುವ ಹಿರಿಯರೊಬ್ಬರು ಸಿಕ್ಕರು. ಮೋಟಾರ್‌ಸೈಕಲ್ಲಿನಲ್ಲಿ ಇಬ್ಬರು ಅಪರಿಚಿತರು ಸಂಜೆ ಬಂದಿದ್ದರಂತೆ. ‘ನಾನೇನೂ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಕೈಯಾಗಿನ ಫೋನ್ ನೋಡಿಕೋತ ಸೀದಾ ಕೆರಿಗೆ ಹೋದರು’ ಎಂದರು. ಹಿಂಡು ಆ ಹೊತ್ತಿಗೆ ಬೇರೆಡೆ ಸರಿದಿತ್ತು, ಅದೃಷ್ಟ. ಅವರು ಬೇಟೆಗೇ ಬಂದವರೋ, ಚಿತ್ರ ತೆಗೆಯಲು ಬಂದವರೋ ನನಗೆ ಗೊತ್ತಿಲ್ಲ. ಹಿರಿಯರು ನನ್ನನ್ನು ಬೈಯಲಿಲ್ಲ. ಅವರಿಗೆ ಆ ಚುಕ್ಕೆ ಹಾಕಿದವನು ನಾನೆಂದು ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ.

ಹಾಗೆಂದು ಮೊಬೈಲನ್ನು ಬಾವಿಗೆ ಎಸೆಯಿರಿ ಎನ್ನಲು ನಾನು ಬಂದಿಲ್ಲ. 2010ರಲ್ಲಿ ಕೇಂದ್ರ ಸರ್ಕಾರವು ಎಂ-ಸ್ಟ್ರೈಪ್ಸ್ ಎಂಬ ವ್ಯವಸ್ಥೆಯನ್ನು ಹುಲಿ ಕಾಡುಗಳಿಗೆ ತಂದಿತು. ಕಾವಲುಗಾರನ ಕೈಯಲ್ಲಿರುವ ಫೋನು ಅವನು ನಡೆದ ಹಾದಿ, ಕಂಡ ಹೆಜ್ಜೆ, ಕಿತ್ತ ಉರುಳು ಎಲ್ಲವನ್ನೂ ಜಾಗದ ಸಮೇತ ದಾಖಲಿಸುತ್ತದೆ. ಗಸ್ತೇ ನಡೆಯದ ಮೂಲೆ ನಕ್ಷೆಯಲ್ಲಿ ಖಾಲಿಯಾಗಿ ಕಾಣುತ್ತದೆ. ಇದರ ಬೆಲೆ ದೊಡ್ಡದು. ಕಿಲೋಮೀಟರ್ ಲೆಕ್ಕ ತುಂಬಲು ದಾರಿಯ ಮೇಲೆಯೇ ನಡೆದರೆ ಮಾತ್ರ ಅದು ಬರಿಯ ಲೆಕ್ಕವಾಗುತ್ತದೆ. ಆದರೆ ಹುಲಿ ಕಾಡಿನ ಹೊರಗಿನ ನಮ್ಮ ಬಯಲಿಗೆ ಅಷ್ಟು ಕಾವಲುಗಾರರು ಎಲ್ಲಿಂದ ಬರಬೇಕು?

ಇಲ್ಲಿ ರೈತರ ಮಾತನ್ನೂ ಆಡಲೇಬೇಕು. ಮೊಳಕೆಯೊಡೆದ ಸೋಯಾವನ್ನು ಹಿಂಡು ಮೇದುಹೋದ ಬೆಳಿಗ್ಗೆ ಹೊಲದ ಬದುವಿನಲ್ಲಿ ನಿಂತವನಿಗೆ ಅನುಸೂಚಿಯ ಮಾತು ರುಚಿಸದು. ಅವನ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿನಲ್ಲಿಯೇ ಅನೇಕರು ರಾತ್ರಿ ಬಂದ ಜೀಪನ್ನು ಕಂಡೂ ಕಾಣದಂತೆ ಇರುತ್ತಾರೆ. ಆದರೆ ಹೊಲದ ಹಾದಿ ಬಲ್ಲ ಆ ಜೀಪು ನಾಳೆ ಕೊಟ್ಟಿಗೆಯ ಹಾದಿಯನ್ನೂ ಬಲ್ಲದು. ಅದೇ ಮೊಬೈಲಿನಲ್ಲಿ ಹಾನಿಯಾದ ಹೊಲದ ಚಿತ್ರವನ್ನು ದಿನಾಂಕ, ಜಾಗದೊಂದಿಗೆ ತೆಗೆದಿಟ್ಟುಕೊಳ್ಳಿ. ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳುವಾಗ ಅದು ನೆರವಾಗುತ್ತದೆ. ಜಾಗದ ಗುರುತು ಬೇಕಾದದ್ದು ಅಲ್ಲಿ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ನಾವು ಕುಳಿತಿರುವ ಈ ಭಾಗ ಸುಮಾರು 17.8 ಅಕ್ಷಾಂಶ, 77.1 ರೇಖಾಂಶದಲ್ಲಿದೆ. ಬಿಂದುವಿನ ನಂತರ ಒಂದೇ ಅಂಕಿ ಬರೆದರೆ 11 ಕಿಲೋಮೀಟರ್‌ನಷ್ಟು ಜಾಗ. ಎರಡು ಅಂಕಿಗೆ ಸುಮಾರು ಒಂದು ಕಿಲೋಮೀಟರ್. ಐದು ಅಂಕಿ ಬರೆದಿರೋ, ಪ್ರಾಣಿ ನಿಂತ ಒಂದು ಮೀಟರ್ ನೆಲವನ್ನೇ ತೋರಿಸಿದಂತೆ. ಐನ್ಯಾಚುರಲಿಸ್ಟ್ ಎಂಬ ದಾಖಲೆತಾಣವು ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಸುಮಾರು 20 ಕಿಲೋಮೀಟರ್ ಚೌಕದೊಳಗೆ ಎಲ್ಲೋ ಎಂಬಂತೆ ಮಸುಕು ಮಾಡಿ ತೋರಿಸುತ್ತದೆ. ನಾವೂ ಅದನ್ನೇ ಮಾಡಬಹುದು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಒಳಗಿನ ಜಾಗದ ಗುರುತು ಅಳಿಯುತ್ತದೆ, ಕಡತವಾಗಿ ಕಳುಹಿಸಿದರೆ ಉಳಿಯುತ್ತದೆ ಎಂಬುದೂ ನೆನಪಿರಲಿ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ‘ಲೊಕೇಶನ್’ ಎಂಬುದನ್ನು ಆರಿಸಿಬಿಟ್ಟರೆ ಈ ಚಿಂತೆಯೇ ಇಲ್ಲ. ಈಗಲೇ ಫೋನು ತೆಗೆಯಿರಿ, ಪಕ್ಕದವರಿಗೂ ತೋರಿಸಿಕೊಡಿ.

ಊಟದ ಬಳಿಕ ನಾವೆಲ್ಲ ಗುಡ್ಡದ ಕಡೆಗೆ ನಡೆಯಲಿದ್ದೇವೆ. ಹಾದಿ ಬಲ್ಲ ಕುರಿಗಾಹಿಗಳು ಮೂವರು ಜೊತೆಗೆ ಬರಲು ಒಪ್ಪಿದ್ದಾರೆ. ಅವರು ಮುಂದೆ ನಡೆಯಲಿ.